ಆರಿಸು

ಮೇಜಿನ ಮೇಲೆ ಮೂರು ಕೊಟೇಶನ್ನು,
ಫ್ಯಾನಿಗೆ ಹಾರದಂತೆ ಮೇಲೊಂದು ಡಸ್ಟರು.
ಒಟ್ಟು ಅರವತ್ತು ಸಾವಿರ. ಅದರಲ್ಲಿ ಹನ್ನೊಂದು
ಆಲೆಮನೆಯ ಜವರಪ್ಪ ಬೆಲ್ಲದ ಕೈಯಲ್ಲೇ ಎಣಿಸಿಕೊಟ್ಟದ್ದು,
ನೋಟಿಗೆ ನೋಟು ಅಂಟಿಕೊಂಡಿತ್ತು.
"ಮಾರ್ಚಿಯೊಳಗೆ ಮುಗಿಸಬೇಕು ಮೇಡಂ,
ಯಾವುದಾದರೂ ಒಂದು ಆರಿಸಿ" ಎಂದರು ಹೆಡ್‌ಮಾಸ್ಟರು.
ಆರಿಸುವುದು ನನಗೆ ಗೊತ್ತಿರುವುದು ಮೊರದಲ್ಲಿ,
ಅಕ್ಕಿಯಿಂದ ಕಲ್ಲು, ಅವರೆಯಿಂದ ಹುಳ.
ಇಲ್ಲಿ ಮೂರೂ ಮಿನುಗುತ್ತವೆ.

ಒಂದನೆಯದು ಗೋಡೆಯಗಲದ ಟಿವಿ.
ಬೆರಳಿಟ್ಟರೆ ಹೃದಯ ತಿರುಗುತ್ತದೆ, ಕವಾಟ ತೆರೆಯುತ್ತದೆ.
ಮೈಸೂರಿಂದ ಬಂದ ಹುಡುಗ, ಇಸ್ತ್ರಿ ಶರ್ಟು,
ನದಿಯ ಪಾಠ ಹಾಕಿ ತೋರಿಸಿದ:
ಹಿಮದ ಬೆಟ್ಟ, ಪೈನ್ ಮರ, ನೀಲಿ ಹೊಳೆ.
"ಮಿಸ್, ನೀರ್ಗೆ ನೀಲಿ ಯಾಕ್ ಕಲ್ಸವ್ರೆ?"
ಕೇಳಿದವನು ಚೆಲುವರಾಜು.
ವಿ.ಸಿ. ನಾಲೆಗೆ ನೀರು ಬಿಟ್ಟ ದಿನ
ಸೊಂಟದ ತನಕ ಇಳಿದು ಏಡಿ ಹಿಡಿಯುವವನು,
ಅವನ ಲೆಕ್ಕಕ್ಕೆ ನೀರು ಟೀ ಬಣ್ಣ.
ಇಸ್ತ್ರಿ ಶರ್ಟು ನಕ್ಕಿತು:
"ಸರಿ ಮಾಡ್ತಾರೆ ಮೇಡಂ, ಮುಂದಿನ ಅಪ್‌ಡೇಟಲ್ಲಿ."

ಎರಡನೆಯದು ಹತ್ತು ಟ್ಯಾಬು, ಒಂದು ಬೀಗದ ಪೆಟ್ಟಿಗೆ.
ಬೀಗದ ಕೈ ಯಾರ ಬಳಿ ಎಂಬುದೇ ಮೊದಲ ಪಾಠ.
ನಲವತ್ತೊಂದು ಮಕ್ಕಳು. ಭಾಗಾಕಾರ ಮಾಡಿದೆ,
ಒಂದು ತೆರೆಗೆ ನಾಲ್ಕು ತಲೆ, ಶೇಷ ಒಂದು.
ಆ ಒಂದು ಯಾರು?
ರಾತ್ರಿ ಮುದ್ದೆ ತಿರುವುವಾಗಲೂ ಅದೇ ಯೋಚನೆ.

ಮೂರನೆಯದು ಅಗ್ಗ.
ಗೋಣು ಬಗ್ಗಿಸಿದ ಕ್ಯಾಮೆರಾ, ಗದ್ದೆಯ ಕೊಕ್ಕರೆಯ ಹಾಗೆ
ಮೇಜನ್ನೇ ದಿಟ್ಟಿಸುತ್ತದೆ. ಜೊತೆಗೊಂದು ಪ್ರೊಜೆಕ್ಟರು.
ಒಳಗೆ ಏನೂ ಇಲ್ಲ,
ಹೃದಯವಿಲ್ಲ, ಹಿಮವಿಲ್ಲ.
ನಾವೇ ಏನಾದರೂ ತಂದು ಕೆಳಗಿಡಬೇಕು.

ಎರಡು ದಿನ ಇಟ್ಟು ನೋಡಿ ಎಂದಿದ್ದರು ಅಂಗಡಿಯವರು.
ಕಿಟಕಿಗೆ ಬಾಗಿಲಿಲ್ಲ. ಹನ್ನೊಂದು ಗಂಟೆಯ ಬಿಸಿಲು
ಗೋಡೆಯ ಚಿತ್ರವನ್ನು ಒಗೆದು ಒಗೆದು ಬಿಳಿಚಿಸಿತು.
ಬಿಸಿಯೂಟದ ಸಣ್ಣತಾಯಮ್ಮ ಗೋಣಿಚೀಲ ತಂದು
ಮೊಳೆ ಹೊಡೆದು ಕಟ್ಟಿದಳು,
ಬೆಳಕಿನ ಕೋಲಿನೊಳಗೆ ರಾಗಿಯ ಧೂಳು ಕುಣಿಯಿತು.
"ಲೈಟು ಆರಿಸ್ರೋ" ಎಂದೆ.
ಅಂದಮೇಲೆ ಹೊಳೆಯಿತು, ಇದೂ ಆರಿಸುವುದೇ.

ಚೆಲುವರಾಜು ತಂದ ಕಬ್ಬಿನ ಜಲ್ಲೆಯಿಂದ
ಬ್ಲೇಡಿನಲ್ಲಿ ತೆಳ್ಳಗೆ ಬಿಲ್ಲೆ ಕೊಯ್ದು
ಕೊಕ್ಕಿನ ಕೆಳಗಿಟ್ಟೆ.
ಗೋಡೆಯ ಮೇಲೆ ಗಾಡಿಯ ಗಾಲಿಯಷ್ಟು ಕಬ್ಬು!
ಅದರ ತುಂಬ ಚುಕ್ಕಿ, ನೂರಾರು ನಾಳ,
ಒಂದೊಂದೂ ಒಂದು ತೂಬು.
"ಇದ್ನ ಅಗುದು ಉಗೀತಿದ್ವಲ್ಲ ಇಷ್ಟ್ ದಿನ"
ಕತ್ತಲಲ್ಲಿ ಯಾರೋ ಅಂದರು.
ಆಮೇಲೆ, ಬೆತ್ತವಿಲ್ಲದೆ, ತರಗತಿ ಸುಮ್ಮನಾಯಿತು.

ಆಗ ಎದ್ದಳು ಮೂಲೆಯ ಇಂಪನಾ.
ಪಕ್ಕದವಳ ನೋಟ್ಸು ನೋಡಿ ಬರೆಯುವವಳು,
ಕದಿಯುತ್ತಾಳೆಂದು ನಾನೇ ಎರಡು ಸಲ ನಿಲ್ಲಿಸಿದ್ದೆ.
ನಡೆದಳು, ನಡೆದಳು,
ಮೂಗು ಗೋಡೆಗೆ ತಾಗುವ ತನಕ ನಡೆದಳು.
ಅವಳ ನೆರಳು ಕಬ್ಬಿನ ನಟ್ಟನಡುವೆ ಕೂತಿತು.
ಬದಿಗೆ ಸರಿದು, ಬೆರಳಿಟ್ಟು ಮುಟ್ಟಿ,
"ಓ, ಚುಕ್ಕಿ!" ಎಂದಳು.
"ಅಲ್ಲಿಂದ ಕಾಣಲಿಲ್ವೇನೇ?"
"ಬೆಳ್ಳಗೆ ಕಾಣ್ತಿತ್ತು ಮಿಸ್."
"ಮತ್ತೆ ಬೋರ್ಡು?"
"ಬೋರ್ಡು ಕರ್ರಗದೆ.
ಎಲ್ಲಾರ್ಗೂ ಅಂಗೇ ಅಲ್ವಾ?"

ಅಷ್ಟರಲ್ಲಿ ಕರೆಂಟು ಹೋಯಿತು.
ಆರು ವರ್ಷ ಆ ಬೋರ್ಡಿನ ಮೇಲೆ ನಾನು
ದುಂಡಗೆ, ತಪ್ಪಿಲ್ಲದೆ, ಬಣ್ಣದ ಸೀಮೆಸುಣ್ಣದಲ್ಲಿ ಬರೆದದ್ದು
ಒಂದೂ ನೆನಪಿಗೆ ಬರಲಿಲ್ಲ.

ಕೊಟೇಶನ್ನಿನ ಬೆನ್ನಿಗೆ ಬರೆದುಕೊಟ್ಟೆ:
ಕ್ಯಾಮೆರಾ ಒಂದು, ಪ್ರೊಜೆಕ್ಟರು ಒಂದು,
ಕಪ್ಪು ಬಟ್ಟೆ ಎಂಟು ಗಜ,
ಕನ್ನಡಕ ಒಂದು, ಪವರ್ ಗೊತ್ತಿಲ್ಲ.
ಹೆಡ್‌ಮಾಸ್ಟರು ಎರಡು ಸಲ ಓದಿದರು.
"ಕನ್ನಡಕ ಡಿಜಿಟಲ್ ಅಲ್ವಲ್ಲ ಮೇಡಂ,
ಯಾವ ಲೆಕ್ಕಕ್ಕೆ ಹಾಕೋದು?"
ನನಗೂ ಗೊತ್ತಿರಲಿಲ್ಲ.

ಶನಿವಾರ ಶಾಲೆ ಬಿಟ್ಟಮೇಲೆ ನಾಲೆಯ ಏರಿಯ ಮೇಲೆ ನಿಂತೆವು,
ಮಂಡ್ಯದ ಬಸ್ಸಿಗೆ, ಅವಳು, ಅವಳವ್ವ, ನಾನು.
ತಿರುವಿನಾಚೆ ಧೂಳಿನ್ನೂ ಎದ್ದಿರಲಿಲ್ಲ,
"ಬಂತು ಮಿಸ್. ಕೆಂಪು ಬಸ್ಸು,
ಪ್ರೈವೇಟಲ್ಲ" ಎಂದಳು.
ನಾನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದೆ.
ನನಗಿನ್ನೂ ಏನೂ ಕಾಣುತ್ತಿರಲಿಲ್ಲ.